ಹನ್ನೊಂದನೆಯ ಪದ್ಯದ ಅಕ್ಕಿ

ಅವಳ ಹೆಸರು ನೆಂಗಾ ಲಂದ್ರಿ. ಆ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಚೊಚ್ಚಲು ಹೆಣ್ಣು ಹುಟ್ಟಿ, ಅದಕ್ಕೆ ಗದುಂಗ್ ಎಂದು ಹೆಸರಿಟ್ಟ ದಿನದಿಂದ ಊರಿಗೆಲ್ಲ ಅವಳು ಮೆನ್ ಗದುಂಗ್, ಗದುಂಗಳ ತಾಯಿ. ಗಂಡ ಪಾನ್ ಗದುಂಗ್, ಗದುಂಗಳ ತಂದೆ. ಬಾಲಿಯಲ್ಲಿ ಮಗಳು ಸತ್ತ ಮೇಲೂ ತಾಯಿಯ ಹೆಸರು ಬದಲಾಗುವುದಿಲ್ಲ. ಸಂತೆಯಲ್ಲಿ, ಗುಡಿಯಲ್ಲಿ, ಕಾಲುವೆಯ ಹತ್ತಿರ, ದಿನಕ್ಕೆ ಹತ್ತಿಪ್ಪತ್ತು ಸಲ ಯಾರೋ ಒಬ್ಬರು ಸತ್ತವಳ ಹೆಸರು ಹಿಡಿದೇ ಅವಳನ್ನು ಕೂಗುತ್ತಾರೆ. ಅವಳು ಓ ಎನ್ನುತ್ತಾಳೆ.

ಕೆಳಕೇರಿಯಲ್ಲಿ ಅವಳು ಇನ್ನೊಂದು ಕಾರಣಕ್ಕೂ ಹೆಸರಾಗಿದ್ದವಳು. ಅವಳು ಕಾವ್ಯಕ್ಕೆ ಅರ್ಥ ಹೇಳುತ್ತಿದ್ದಳು. ಮದುವೆ, ಹರೆಯಕ್ಕೆ ಬಂದವರ ಹಲ್ಲಿನ ತುದಿ ಅರದಿಂದ ಉಜ್ಜುವ ಶಾಸ್ತ್ರ, ಸಾವು, ಯಾವುದೇ ಇರಲಿ, ಮಂಟಪದಲ್ಲಿ ಕಾವ್ಯಕೂಟ ಕೂರುತ್ತದೆ. ಒಬ್ಬ ಹಳೆಯ ಭಾಷೆಯ ಪದ್ಯವನ್ನು ಎಳೆದೆಳೆದು ಹಾಡುತ್ತಾನೆ, ಇನ್ನೊಬ್ಬ ಅದನ್ನು ಮನೆಮಾತಿನಲ್ಲಿ ಬಿಡಿಸಿ ಹೇಳುತ್ತಾನೆ, ಉಳಿದವರು ಅದರ ಮೇಲೆ ಜಗಳಾಡುತ್ತಾರೆ. ಆ ಮಂತ್ರಿ ಹೇಡಿಯೋ ಜಾಣನೋ, ಆ ತಮ್ಮ ಅಣ್ಣನನ್ನು ಬಿಟ್ಟು ಹೋದದ್ದು ತಪ್ಪೋ ಸರಿಯೋ ಎಂದು ಕಾಫಿ ಆರುವವರೆಗೂ ವಾದ ನಡೆಯುತ್ತದೆ. ಮೊದಲೆಲ್ಲ ಅದು ಗಂಡಸರ ಕೂಟ. ಕಾಫಿ ಮಾತ್ರ ಹೆಂಗಸರದು.

ಲಂದ್ರಿ ಕಾವ್ಯ ಕಲಿತದ್ದು ಆ ಕಾಫಿಯಿಂದಲೇ. ಹನ್ನೊಂದು ವರ್ಷದ ಹುಡುಗಿ, ಇಪ್ಪತ್ತೆರಡು ಲೋಟ. ಕೊಡುವುದು, ಎತ್ತುವುದು, ಮಂಟಪದ ಹಿಂದೆ ಕೂತು ತೊಳೆಯುವುದು, ಮತ್ತೆ ಕೊಡುವುದು. ಒಂದು ದಿನ ಅರ್ಥ ಹೇಳುವವನು ತಡವರಿಸಿ ನಿಂತಾಗ, ಹಿಂದಿನಿಂದ ಸಣ್ಣ ದನಿಯೊಂದು ಆ ಸಾಲಿನ ಅರ್ಥವನ್ನು ಹೇಳಿಬಿಟ್ಟಿತು.

"ಯಾರದು ಹಿಂದೆ?" ಎಂದರು ಕೂಟದ ಗುರು, ಕಾಕ್ ಮರ್ದಾ. ಕಾಕ್ ಎಂದರೆ ಅಜ್ಜ.

"ಕಾಫಿ ಹುಡುಗಿ, ಕಾಕ್."

"ಕಾಫಿ ಹುಡುಗೀ, ಈ ಕಡೆ ಬಾ."

"ಲೋಟ ತೊಳೆದು ಬರ್ತೀನಿ."

"ಲೋಟ ಎಲ್ಲಿಗೂ ಓಡಿಹೋಗಲ್ಲ."

"ಇರುವೆ ಓಡಿ ಬರ್ತವೆ, ಕಾಕ್."

ಗಂಡಸರೆಲ್ಲ ನಕ್ಕರು. ಕಾಕ್ ಮರ್ದಾ ನಗಲಿಲ್ಲ. ಮರುದಿನದಿಂದ ಅವಳಿಗೆ ಪಾಠ ಶುರುವಾಯಿತು. ಆರು ವರ್ಷ ಕಲಿಸಿದರು. ಅವರ ಪಾಠವೆಲ್ಲ ಒಂದೇ ಸೂತ್ರದ ಮೇಲೆ ನಿಂತಿತ್ತು. "ಪಾತ್ರ ಏನು ಹೇಳ್ತು ಅಂತ ಕೇಳಿ ಮೋಸ ಹೋಗಬೇಡ. ಬಾಯಿ ಸುಳ್ಳು ಹೇಳುತ್ತೆ. ಅದು ಮಾತಾಡ್ತಿರುವಾಗ ಅದರ ಕೈ ಏನು ಮಾಡ್ತಿದೆ ನೋಡು." ರಾಜ ಶಾಂತಿಯ ಮಾತಾಡುವಾಗ ಅವನ ಕೈ ಕತ್ತಿಯ ಹಿಡಿಯ ಮೇಲಿದೆ ಎಂಬುದನ್ನು ಮೂರು ಪದ್ಯಗಳ ಹಿಂದಿನಿಂದ ಹುಡುಕಿ ತೋರಿಸುವುದನ್ನು ಲಂದ್ರಿ ಹೀಗೆ ಕಲಿತಳು. ಹದಿನಾರಕ್ಕೆ ಅವಳ ಕಣ್ಣು ಗುರುವಿನ ಕಣ್ಣಿಗಿಂತ ಚೂಪಾಗಿತ್ತು.

ಒಂದು ವಿಷಯದಲ್ಲಿ ಮಾತ್ರ ಕಾಕ್ ಮರ್ದಾ ಅವಸರ ಮಾಡುತ್ತಿದ್ದರು. ಕಾವ್ಯದಲ್ಲಿ ಅಡುಗೆಮನೆ ಬಂತೆಂದರೆ ಪುಟ ತಿರುಗಿಸುತ್ತಿದ್ದರು. "ಇದು ಛಂದಸ್ಸು ತುಂಬಿಸೋಕೆ ಹಾಕಿದ್ದು. ಒಲೆ, ಮಡಕೆ, ಅಕ್ಕಿ, ಇದರಲ್ಲಿ ಅರ್ಥ ಏನಿದೆ? ಮುಂದಕ್ಕೆ ಹೋಗು."

ಲಂದ್ರಿ ಮುಂದಕ್ಕೆ ಹೋದಳು.

ಮದುವೆಯಾಯಿತು. ಪಾನ್ ಗದುಂಗ್ ಕಲ್ಲು ಕೆತ್ತುವವನು. ಕೆಲಸ ಇಲ್ಲದ ದಿನಗಳಲ್ಲಿ ಅವನು ತನ್ನ ಕಾಳಗದ ಹುಂಜಗಳಿಗೆ ಸ್ನಾನ ಮಾಡಿಸುತ್ತಿದ್ದ. ಮನೆಯಲ್ಲಿ ಸ್ನಾನ ಬೇಕಾದ ಉಳಿದದ್ದೆಲ್ಲ, ಮಗು, ಅತ್ತೆ, ಹಂದಿ, ಪಾತ್ರೆ, ಲಂದ್ರಿಯ ಪಾಲು. ಹೊತ್ತು ಮೂಡುವ ಮುಂಚೆ ಎದ್ದು ಅನ್ನಕ್ಕಿಟ್ಟು, ಬೆಂದ ಅನ್ನದ ಮೊದಲ ತುತ್ತುಗಳನ್ನು ಬಾಳೆಲೆಯ ಚೂರುಗಳ ಮೇಲಿಟ್ಟು, ಒಲೆಗೊಂದು, ಬಾವಿಗೊಂದು, ಬಾಗಿಲಿಗೊಂದು, ಮನೆದೇವರಿಗೊಂದು ಎಂದು ಮೂವತ್ತೆರಡು ಕಡೆ ಇಟ್ಟು ಬರಬೇಕು. ತೆಂಗಿನ ಎಳೆಗರಿ ಕೊಯ್ದು ನಾಳೆಯ ನೈವೇದ್ಯದ ತಟ್ಟೆ ಹೆಣೆಯಬೇಕು. ಗರಿ ಹೆಣೆಯುತ್ತ ಅವಳು ಪದ್ಯ ಗುನುಗುತ್ತಿದ್ದಳು. ಕಾಕ್ ಮರ್ದಾ ಸಾಯುವಾಗ ತಮ್ಮ ತಾಳೆಗರಿ ಹೊತ್ತಿಗೆಗಳನ್ನು ಮಗನಿಗೆ ಕೊಟ್ಟರು, ಅರ್ಥ ಹೇಳುವ ಜಾಗವನ್ನು ಲಂದ್ರಿಗೆ ಕೊಟ್ಟರು. ಹಾಡಲು ಕೆತುತ್ ಪಲಾ ಎಂಬ ಮೇಷ್ಟರು, ಅರ್ಥಕ್ಕೆ ಮೆನ್ ಗದುಂಗ್. ಹೆಂಗಸು ಅರ್ಥ ಹೇಳುತ್ತಾಳಂತೆ ಎಂದು ಮೊದಮೊದಲು ನಗಲು ಬಂದವರೇ ಆಮೇಲೆ ಕಣ್ಣು ಒರೆಸಿಕೊಂಡು ಹೋದರು.

ಅವಳಿಗೆ ಹೆಸರು ತಂದದ್ದು 'ಅರ್ಣಿಕಾಗಮನ' ಎಂಬ ಕಾವ್ಯದ ಕೊನೆಯ ಭಾಗ. ಗಡಿಸೀಮೆಯ ಒಡೆಯ ಕಡಲ ಯುದ್ಧಕ್ಕೆ ಹೋಗಿ ಸಾಯುತ್ತಾನೆ. ದೋಣಿಯಲ್ಲಿ ಹೆಣ ಬರುತ್ತದೆ. ಮರಳ ಮೇಲೆ ಚಿತೆ ಒಟ್ಟುತ್ತಾರೆ. ಅವನ ಹೆಂಡತಿ ಅರ್ಣಿಕಾ, ಇನ್ನೂ ಹರೆಯದವಳು, ಹೂ ಮುಡಿದು, ನಗುನಗುತ್ತ ನಡೆದು ಬಂದು ಆ ಬೆಂಕಿಯನ್ನು ಹೊಗುತ್ತಾಳೆ. ಎಲ್ಲಿ ಸಾವಾದರೂ ಇದನ್ನು ಹಾಡಿಸುತ್ತಾರೆ. ಲಂದ್ರಿ ಹೇಳುತ್ತಿದ್ದಳು: "ಅವಳನ್ನ ಯಾರೂ ಕರೀಲಿಲ್ಲ, ಯಾರೂ ತಳ್ಳಲಿಲ್ಲ. ನೀರು ತಗ್ಗಿಗೆ ಹರಿಯೋ ಹಾಗೆ ಅವಳು ಹೋದಳು. ತಾನಾಗೇ ಹೋದಳು, ಅದಕ್ಕೇ ನಕ್ಕಳು." ಹೆಂಗಸರು ಬಿಕ್ಕುತ್ತಿದ್ದರು. ಗಂಡಸರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

ಪಟ್ಟಣದ ರೇಡಿಯೋದವರು ಮಂಗಳವಾರ ಬೆಳಿಗ್ಗೆ ಒಂದು ಕಾರ್ಯಕ್ರಮ ಶುರುಮಾಡಿದರು. ಒಂದೂರಿನವರು ಫೋನಿನಲ್ಲಿ ಪದ್ಯ ಹಾಡುತ್ತಾರೆ, ಇನ್ನೊಂದೂರಿನವರು ಫೋನಿನಲ್ಲೇ ಅರ್ಥ ಹೇಳುತ್ತಾರೆ. ಲಂದ್ರಿ ರಸ್ತೆಬದಿಯ ಫೋನಂಗಡಿಯಿಂದ ಮಾತಾಡುತ್ತಿದ್ದಳು. ಬೆಳಗಿನ ಆ ಹೊತ್ತು ಎಲ್ಲ ಮನೆಗಳಲ್ಲೂ ಹೆಂಗಸರು ಗರಿ ಹೆಣೆಯುತ್ತ ಕೂತಿರುತ್ತಾರೆ. ಸುತ್ತಲ ಊರುಗಳ ಅಡುಗೆಮನೆಗಳಿಗೆಲ್ಲ ಅವಳ ದನಿ ಗೊತ್ತಾಯಿತು.

ಆ ಹೊತ್ತಿಗೆ ಗದುಂಗ್ ಮೇಲ್ಕೇರಿಗೆ ಸೊಸೆಯಾಗಿ ಹೋಗಿದ್ದಳು. ಗಂಡ ದರ್ಸನ ಪ್ರವಾಸಿಗರ ಕಾರು ಓಡಿಸುವವನು, ವಾರಕ್ಕೊಮ್ಮೆ ಮನೆಗೆ ಬರುವವನು. ಅದು ದೊಡ್ಡ ಮನೆ, ದೊಡ್ಡ ಗುಡಿ, ಹದಿನೇಳು ಜನ. ಮನೆ ನಡೆಸುವವಳು ಅತ್ತೆ ಮೆನ್ ದರ್ಸನ. ಅವಳ ಕೈಕೆಳಗೆ ಗದುಂಗ್, ಮತ್ತು ಕಿರಿಯ ಸೊಸೆ ಕಾದೆಕ್. ಗದುಂಗಳಿಗೆ ಇಬ್ಬರು ಹೆಣ್ಣುಮಕ್ಕಳಾದರು. ಗುಡಿ ನೋಡಿಕೊಳ್ಳಲು ಗಂಡು ಬೇಕೆಂದು ಅತ್ತೆ ದಿನಾ ಹೇಳುತ್ತಿದ್ದಳು, ಗುಡಿಯ ಕಸ ಗುಡಿಸಿ ಬಂದ ಗದುಂಗಳಿಗೇ ಹೇಳುತ್ತಿದ್ದಳು.

ಒಂದು ದಿನ ಗದುಂಗ್ ಚಿಕ್ಕವಳನ್ನು ಸೊಂಟದ ಮೇಲಿಟ್ಟುಕೊಂಡು ತವರಿಗೆ ಬಂದಳು. ಬಟ್ಟೆಗಂಟು ಇತ್ತು.

"ನನ್ನ ಕೈಲಿ ಆಗಲ್ಲ, ಮೇಮೆ," ಎಂದಳು. ಮೇಮೆ ಎಂದರೆ ಅಮ್ಮ. "ಬೆಳಿಗ್ಗೆ ನಾಲ್ಕಕ್ಕೆ ಎದ್ರೆ ಬೆನ್ನು ನೆಲಕ್ಕೆ ತಾಗೋದು ಹನ್ನೊಂದಕ್ಕೆ. ನಿನ್ನ ದನಿ ಮಂಗಳವಾರ ರೇಡಿಯೋದಲ್ಲಿ ಬಂದಾಗ ಮಾತ್ರ ನಾನು ಕೂತ್ಕೊಂಡಿರೋದು ನೆನಪಾಗುತ್ತೆ."

ಲಂದ್ರಿ ಮಗಳ ತಲೆ ಬಾಚಿದಳು. ಅನ್ನ ಬಡಿಸಿದಳು. ಆಮೇಲೆ ಅವಳು ಮಾಡಿದ್ದು, ಅರ್ಥ ಹೇಳುವ ತಾಯಿ ಮಾತ್ರ ಮಾಡಬಹುದಾದ ತಪ್ಪು. ಮಗಳ ಮಾತಿಗೆ ಕಾವ್ಯವನ್ನು ಎದುರಿಟ್ಟಳು. ಅರ್ಣಿಕಾ ಬೆಂಕಿಗೆ ನಗುತ್ತ ನಡೆದಳು, ನಿನಗೆ ಒಲೆಯ ಹೊಗೆ ಭಾರವಾಯಿತೇ ಎಂದಳು. ಬಂಗಾರದಂಥ ದನಿಯಲ್ಲಿ ಪದ್ಯ ಹೇಳಿ ಅರ್ಥವನ್ನೂ ಹೇಳಿದಳು.

ಗದುಂಗ್ ಪೂರ್ತಿ ಕೇಳಿದಳು. "ಮೇಮೆ, ಹನ್ನೊಂದನೇ ಪದ್ಯದಲ್ಲಿ ಅವಳು ಅಕ್ಕಿ ಯಾಕೆ ನೆನೆಹಾಕ್ತಾಳೆ?" ಎಂದು ಕೇಳಿದಳು.

"ಅದು ಛಂದಸ್ಸಿಗೆ ಹಾಕಿದ್ದು ಕಣೇ. ಅದರಲ್ಲಿ ಅರ್ಥ ಏನಿಲ್ಲ."

"ಹೂಂ," ಎಂದಳು ಗದುಂಗ್. ಸಂಜೆ ಬಟ್ಟೆಗಂಟು ಎತ್ತಿಕೊಂಡು ಮೇಲ್ಕೇರಿಗೆ ಹೊರಟಳು. ಲಂದ್ರಿಯೇ ಬೇಲಿಯವರೆಗೆ ಹೋಗಿ ಕಳಿಸಿ ಬಂದಳು.

ನಾಲ್ಕು ವರ್ಷಗಳ ಮೇಲೆ, ಮೇಲ್ಕೇರಿಯ ಮನೆಗುಡಿಯ ಉತ್ಸವದ ದಿನ ಗದುಂಗ್ ಸತ್ತಳು.

ಸಂಜೆ ನಾಲ್ಕಕ್ಕೆ ಸತ್ತಳು ಎಂದು ಹೇಳಿ ಕಳಿಸಿದ್ದರು. ಲಂದ್ರಿ ಹೋದಾಗ ಮಗಳನ್ನು ಪೂರ್ವದ ಮಂಟಪದ ಮೇಲೆ ಮಲಗಿಸಿದ್ದರು. ಕೂದಲು ಬಾಚಿತ್ತು, ಹೂ ಮುಡಿಸಿತ್ತು. ಕಿರುಬೆರಳಿನಲ್ಲಿ ಗರಿ ಕೊಯ್ದ ಗಾಯ ಹಸಿಯಾಗಿತ್ತು.

"ಜ್ವರ ಇತ್ತಂತೆ, ಬೀಗಿತ್ತಿ," ಎಂದಳು ಮೆನ್ ದರ್ಸನ. "ಯಾರಿಗೂ ಹೇಳಲಿಲ್ಲ. ದೇವರ ಕೆಲಸ ಕೆಡಬಾರದು ಅಂತ ನುಂಗ್ಕೊಂಡು ಇದ್ದುಬಿಟ್ಟಳು. ಆಸ್ಪತ್ರೆ ಗೀಸ್ಪತ್ರೆ ಬೇಡ ಅಂತ ತಾನೇ ಹೇಳಿದಳು. ಮುಖ ನೋಡು, ನಗ್ತಾ ಇದಾಳೆ."

ಬಂದವರೆಲ್ಲ ನೋಡಿದರು. ಹೌದು, ನಗುತ್ತಿದ್ದಾಳೆ ಎಂದರು. ಅರ್ಣಿಕಾ ಹಾಗೇ ಎಂದು ಯಾರೋ ಒಬ್ಬರು ಹೇಳಿದರು. ಅಲ್ಲಿಂದ ಅದು ಬಾಯಿಂದ ಬಾಯಿಗೆ ಹೋಯಿತು.

ಸುಡಲು ಒಳ್ಳೆಯ ದಿನ ಸಿಕ್ಕಿದ್ದು ಹನ್ನೊಂದನೆಯ ದಿನಕ್ಕೆ. ಅಲ್ಲಿಯವರೆಗೆ ಹೆಣ ಮನೆಯಲ್ಲೇ. ಬಂದುಹೋಗುವವರಿಗೆ ಕಾಫಿ, ಕೂತವರಿಗೆ ಊಟ, ಹೆಣ ಹೊತ್ತೊಯ್ಯುವ ಗೋಪುರ ಕಟ್ಟುವ ಗಂಡಸರಿಗೆ ದಿನಕ್ಕೆ ಮೂರು ಸಲ ಅನ್ನ. ಸತ್ತವಳು ಮಾಡುತ್ತಿದ್ದ ಕೆಲಸಕ್ಕೆ ಈಗ ಆರು ಜನ ಬೇಕಾದರು. ಮೂರನೆಯ ದಿನ ಲಂದ್ರಿ ಸೆರಗು ಬಿಗಿದು ಆ ಅಡುಗೆಮನೆಗೆ ಇಳಿದಳು. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಪಾತ್ರೆ ತಿಕ್ಕಲು ಶುರುಮಾಡಿದಳು. ಮೂಲೆಯಲ್ಲಿ ಒಂದು ಮಣ್ಣಿನ ಹರವಿ ಇತ್ತು. ಮೇಲೆ ಬಾಳೆಲೆ ಮುಚ್ಚಿ, ಇರುವೆ ಬಾರದಂತೆ ಕೆಳಗೆ ನೀರಿನ ತಟ್ಟೆ ಇಟ್ಟಿತ್ತು. ಎಲೆ ಎತ್ತಿದರೆ ಹುಳಿ ವಾಸನೆ. ಕಪ್ಪು ಅಂಟಕ್ಕಿ ನೆನೆದು, ಉಬ್ಬಿ, ನೊರೆ ಎದ್ದಿತ್ತು.

"ಇದು ಯಾರು ಹಾಕಿದ್ದು?" ಎಂದಳು.

ಕಾದೆಕ್ ಒಲೆಯ ಮುಂದಿದ್ದಳು. ತಿರುಗಲಿಲ್ಲ. "ಅಕ್ಕ."

"ಯಾವತ್ತು?"

"ಆವತ್ತೇ. ಮಾರನೇ ದಿನದ ಕಡುಬಿಗೆ." ಕಾದೆಕ್ ಬೆಂಕಿ ಊದಿದಳು, ಮತ್ತೆ ಊದಿದಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಜ್ವರ ಅಲ್ಲ, ಮೇಮೆ. ಬಸುರಿ, ನಾಲ್ಕು ತಿಂಗಳಾಗಿತ್ತು. ಬೆಳಿಗ್ಗೇನೇ ರಕ್ತ ಹೋಗೋಕೆ ಶುರುವಾಯ್ತು. ಅತ್ತೆಗೆ ಹೇಳಿದಳು. ಅತ್ತೆ, ಬಾಯಿ ಮುಚ್ಚು ಅಂದ್ರು. ಮೂರು ವಾರದಿಂದ ನೀನು ಹೆಣೆದಿರೋ ಗರಿ ಗುಡಿ ತುಂಬ ಇದೆ, ಈಗ ಹೇಳಿದ್ರೆ ಎಲ್ಲ ಮೈಲಿಗೆ, ಪುರೋಹಿತರು ಎದ್ದು ಹೋಗ್ತಾರೆ, ಅವರ ಗಂಟೆ ನಿಂತ ಮೇಲೆ ಆಸ್ಪತ್ರೆಗೆ ಹೋದರಾಯ್ತು ಅಂದ್ರು."

"ಅವಳು ಏನಂದಳು?"

"ಹೂಂ ಅಂದಳು. ಗಂಟೆ ನಿಲ್ಲೋ ಅಷ್ಟರಲ್ಲಿ ನಾಳೆಗೆ ಅಕ್ಕಿ ನೆನೆಹಾಕಿಬಿಡ್ತೀನಿ, ಆಮೇಲೆ ಹೋಗೋಣ, ನೀನೂ ಜೊತೇಲಿ ಬಾ ಕಾದೆಕ್, ನನಗೆ ಒಬ್ಬಳಿಗೆ ಭಯ ಅಂದಳು."

"ಗಂಟೆ ಯಾವಾಗ ನಿಂತಿತು?"

"ಮೂರಕ್ಕೆ."

"ಅವಳು?"

ಕಾದೆಕ್ ಒಲೆಗೆ ಸೌದೆ ತಳ್ಳಿದಳು. "ಎರಡಕ್ಕೆ ಮುಂಚೇನೇ. ಇಲ್ಲೇ, ಕಂಬಕ್ಕೆ ಒರಗಿ ಕೂತಿದ್ದಳು. ನಿದ್ದೆ ಹತ್ತಿದೆ ಅಂದ್ಕೊಂಡೆ. ಪಾಪ, ಮಲಗಲಿ ಅಂತ ನಾನು ಸದ್ದು ಮಾಡದೆ ತರಕಾರಿ ಹೆಚ್ಚಿದೆ."

ಲಂದ್ರಿ ಹರವಿಯನ್ನು ಹಿತ್ತಲಿಗೆ ಹೊತ್ತು ಹೋಗಿ ಬಗ್ಗಿಸಿದಳು. ನೊರೆ ಮಣ್ಣಿನಲ್ಲಿ ಇಳಿದು ಹೋಗುವವರೆಗೆ ನೋಡುತ್ತ ನಿಂತಳು. ನಾಳೆಗೆ ಅಕ್ಕಿ ನೆನೆಹಾಕಿದವಳು ನಾಳೆ ಇರುತ್ತೇನೆ ಎಂದುಕೊಂಡಿದ್ದಳು. ಅಷ್ಟು ಸರಳ ಮಾತು. ಅಷ್ಟು ಹೊತ್ತಿಗೆ ಅವಳ ಬಾಯಲ್ಲಿ ಹನ್ನೊಂದನೆಯ ಪದ್ಯ ತಾನಾಗಿ ಬಂತು. ಇಪ್ಪತ್ತು ವರ್ಷ ಅವಳು ದಾಟಿ ಹೋಗಿದ್ದ ಪದ್ಯ. ಗದ್ದೆಯ ಬದುವಿನ ಮೇಲೆ ಮನೆಗೆ ನಡೆಯುತ್ತ ಅದನ್ನು ಹೇಳಿಕೊಂಡಳು, ಅದರ ಹಿಂದಿನ ಎರಡನ್ನೂ ಹೇಳಿಕೊಂಡಳು, ಮುಂದಿನ ನಾಲ್ಕನ್ನೂ ಹೇಳಿಕೊಂಡಳು. ಕಾಕ್ ಮರ್ದಾ ಕಲಿಸಿದಂತೆ, ಬಾಯಿಯ ಮಾತು ಬದಿಗಿಟ್ಟು ಕೈ ನೋಡಿದಳು. ಬದುವಿನ ಮೇಲೆ ಕೂತುಬಿಟ್ಟಳು.

ಸುಡುವ ಹಿಂದಿನ ದಿನ ಕಾವ್ಯಕೂಟ ಕೂರಬೇಕು. ಒಂಬತ್ತನೆಯ ದಿನ ಮೆನ್ ದರ್ಸನ ತಾನೇ ಕೆಳಕೇರಿಗೆ ಬಂದಳು, ಬುಟ್ಟಿಯಲ್ಲಿ ಹಣ್ಣು ತಂದಳು. ಜೊತೆಗೆ ಗದುಂಗಳ ದೊಡ್ಡ ಮಗಳು ಸಂದತ್ ಇದ್ದಳು. ಒಂಬತ್ತು ವರ್ಷ. ಬಂದವಳೇ ಜಗಲಿಯ ಮೇಲಿದ್ದ ಗರಿಯ ಕಟ್ಟು ಎಳೆದುಕೊಂಡು, ಸೊಂಟದಿಂದ ಚೂರಿ ತೆಗೆದು ಕೊಯ್ಯಲು ಕೂತಳು. ಅದು ಗದುಂಗಳ ಚೂರಿ.

"ನೋಡು, ತಾಯಿ ಕೈಯೇ ಬಂದಿದೆ," ಎಂದಳು ಮೆನ್ ದರ್ಸನ. "ಎದುರು ಒಂದು ಮಾತಾಡಲ್ಲ. ಬೀಗಿತ್ತಿ, ನಾಳೆ ಅರ್ಥ ನೀನೇ ಹೇಳಬೇಕು. ಬೇರೆಯವರು ಹೇಳಿದ್ರೆ ಸಪ್ಪೆ. ಮಗಳಿಗೆ ತಾಯಿ ಕೊಡೋ ಕೊನೇ ಮರ್ಯಾದೆ ಅದು."

"ಹೂಂ."

"ಮಕ್ಕಳು ನಮ್ಮ ಮನೆತನದ್ದು, ನಿನಗೆ ಗೊತ್ತು. ತಾಯಿ ಹೋದ ಮೇಲೆ ತಾಯಿ ತವರಿಗೂ ಅವಕ್ಕೂ ಲೆಕ್ಕದಲ್ಲಿ ಏನೂ ಇಲ್ಲ. ಆದ್ರೆ ನಾನೇನು ಕಲ್ಲಲ್ಲ. ಪ್ರತಿ ಗಲುಂಗನ್ ಹಬ್ಬಕ್ಕೆ ಇಬ್ಬರನ್ನೂ ಹತ್ತು ದಿನ ಕಳಿಸ್ತೀನಿ." ಅವಳು ಎದ್ದು ಸೆರಗು ಕೊಡವಿದಳು. ಲಂದ್ರಿಯ ಮುಖವನ್ನು ನೇರ ನೋಡಿದಳು. "ಯಾವಾಗಲೂ ಹೇಳೋ ಹಾಗೇ ಹೇಳು. ಸಾಕು."

ಅವಳು ಹೋದ ಮೇಲೆ ಪಾನ್ ಗದುಂಗ್ ಹುಂಜದ ಕುತ್ತಿಗೆ ಸವರುತ್ತ ಹೇಳಿದ: "ಅವಳು ಹೇಳಿದ ಹಾಗೆ ಹೇಳಿಬಿಡು. ಮಗಳಂತೂ ಹೋದಳು. ಮೊಮ್ಮಕ್ಕಳಾದರೂ ಕಣ್ಣಿಗೆ ಬೀಳ್ತಾ ಇರಲಿ."

"ಸಂದತ್ ಚೂರಿ ಹಿಡಿದಿದ್ದು ನೋಡಿದ್ಯಾ?"

"ಚೆನ್ನಾಗಿ ಹಿಡೀತಾಳೆ."

"ಹೂಂ," ಎಂದಳು ಲಂದ್ರಿ. "ಅದೇ ನಾನು ನೋಡಿದ್ದು."

ಹತ್ತನೆಯ ದಿನ ಮಧ್ಯಾಹ್ನ ಕೂಟ ಕೂತಿತು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ. ಗೇಟಿಗೆ ಧ್ವನಿವರ್ಧಕ ಕಟ್ಟಿದ್ದರು, ಮೇಲ್ಕೇರಿಗೆಲ್ಲ ಕೇಳಬೇಕೆಂದು. ಕೆತುತ್ ಪಲಾ ಹಾಡಿದ, ಲಂದ್ರಿ ಅರ್ಥ ಹೇಳಿದಳು. ದೂತ ಬಂದ ಒಂಬತ್ತನೆಯ ಪದ್ಯ. ಕಡಲು ಕಪ್ಪಾದ ಹತ್ತನೆಯ ಪದ್ಯ. ಅವಳ ದನಿ ಎಂದಿನಂತೆಯೇ ಇತ್ತು. ಮೆನ್ ದರ್ಸನ ಎದುರಿಗೆ ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತ ಕೂತಿದ್ದಳು. ಸಂದತ್ ಅವಳ ಪಕ್ಕದಲ್ಲಿ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು.

ಪಲಾ ರೂಢಿಯಂತೆ ಹನ್ನೆರಡಕ್ಕೆ ದನಿ ತೆಗೆದ.

"ಹನ್ನೊಂದು ಹಾಡು, ಕೆತುತ್," ಎಂದಳು ಲಂದ್ರಿ.

"ಅದನ್ನ ಯಾವಾಗ ಹಾಡಿದೀವಿ, ಮೆನ್?"

"ಇವತ್ತು."

ಅವನು ಹಾಡಿದ. ಎರಡು ಸಲ ತಪ್ಪಿದ, ಅಭ್ಯಾಸವಿರಲಿಲ್ಲ. ಮುಗಿದ ಮೇಲೆ ಲಂದ್ರಿ ಮೈಕನ್ನು ಹತ್ತಿರ ಎಳೆದುಕೊಂಡಳು.

"ಅರ್ಣಿಕಾ ನಾಲ್ಕು ಅಳತೆ ಕಪ್ಪಕ್ಕಿ ನೆನೆಹಾಕ್ತಾಳೆ. ಇರುವೆ ಬರದ ಹಾಗೆ ಮುಚ್ಚಿಡು ಅಂತ ದಾಸಿಗೆ ಹೇಳ್ತಾಳೆ. ಇಷ್ಟೇ ಪದ್ಯ. ನನ್ನ ಗುರು ಇದಕ್ಕೆ ಅರ್ಥ ಇಲ್ಲ ಅಂದಿದ್ರು. ನಾನೂ ನಿಮಗೆ ಹೇಳಲಿಲ್ಲ. ಆದರೆ ಗಂಡ ಸತ್ತ ಸುದ್ದಿ ಬಂದಿದ್ದು ಒಂಬತ್ತರಲ್ಲಿ. ಅಕ್ಕಿ ನೆನೆಹಾಕೋದು ಹನ್ನೊಂದರಲ್ಲಿ. ಸುದ್ದಿ ಕೇಳಿದ ಮೇಲೆ ಅವಳು ಎದ್ದು ಹೋಗಿ ನಾಳೆಗೆ ಅಕ್ಕಿ ನೆನೆಹಾಕ್ತಾಳೆ. ಇಲ್ಲಿ ಕೂತಿರೋ ಹೆಂಗಸರೆಲ್ಲ ದಿನಾ ಅಕ್ಕಿ ಹಾಕೋರೇ. ಸಾಯೋಕೆ ಹೊರಟೋಳು ಯಾರಾದ್ರೂ ನಾಳೆಗೆ ಅಕ್ಕಿ ಹಾಕ್ತಾಳಾ?"

ಗರಿ ಹೆಣೆಯುತ್ತಿದ್ದ ಕೈಗಳು ನಿಂತವು.

"ಹದಿಮೂರು. ಅವಳ ಕೂದಲು ಬಾಚಿದ್ದು ಅತ್ತೆ. ಹೂ ಮುಡಿಸಿದ್ದು ಮಂತ್ರಿಗಳ ಹೆಂಡಿರು. ಎಡಗಡೆ ಒಬ್ಬಳು, ಬಲಗಡೆ ಒಬ್ಬಳು ತೋಳು ಹಿಡಿದು ನಡೆಸಿದ್ರು. ಇದನ್ನ ಮರ್ಯಾದೆ ಅಂತ ನಾನು ಇಪ್ಪತ್ತು ವರ್ಷ ಹೇಳಿದೆ. ಆ ಪದ್ಯದಲ್ಲಿ ಅರ್ಣಿಕಾಳ ಕೈ ಎಲ್ಲೂ ಏನೂ ಮಾಡಲ್ಲ. ಎಲ್ಲ ಬೇರೆಯವರ ಕೈ. ಇನ್ನು ನಗು. ಹದಿನೈದರಲ್ಲಿ ನಗುನಗುತ್ತ ಹೋದಳು ಅಂತ ಇದೆ. ಅದನ್ನ ಹೇಳಿದ್ದು ಯಾರು? ಕವಿ ಅಲ್ಲ. ಹದಿನಾಲ್ಕರ ಕೊನೇ ಸಾಲು ನೋಡಿ: ಕಡಲತೀರದಿಂದ ಹಿಂದಿರುಗಿ ಅತ್ತೆ ಊರಿಗೆ ಹೀಗೆ ಹೇಳಿದಳು. ನಗು ಇರೋದು ಅತ್ತೆ ಮಾತಲ್ಲಿ. ಕವಿ ಕಂಡಿದ್ದು ಅಕ್ಕಿ ಮಾತ್ರ."

ಹಿಂದಿನ ಸಾಲಿನಲ್ಲಿ ಹಲ್ಲಿಲ್ಲದ ಒಬ್ಬ ಮುದುಕಿ ಕಿವಿಗೆ ಕೈ ಕೊಟ್ಟು ಕೇಳಿದಳು: "ಆ ಅಕ್ಕಿ ಏನಾಯ್ತು ಮತ್ತೆ, ಮೆನ್ ಗದುಂಗ್?"

"ಕವಿ ಹೇಳಿಲ್ಲ, ಅಜ್ಜಿ. ಈ ಮನೆ ಅಕ್ಕಿ ಏನಾಯ್ತು ಅಂತ ನಾನು ಹೇಳಬಲ್ಲೆ. ಹುಳಿ ಬಂತು. ಬೆಳಿಗ್ಗೆ ರಕ್ತ ಹೋಗೋಕೆ ಶುರುವಾದ ಮೇಲೆ ನನ್ನ ಮಗಳು ಅದನ್ನ ನೆನೆಹಾಕಿದ್ದಳು. ಗಂಟೆ ನಿಂತ ಮೇಲೆ ಆಸ್ಪತ್ರೆಗೆ ಹೋಗೋಣ ಅಂದಿದ್ದಳು. ಅವಳು ಸತ್ತಿದ್ದು ಗಂಟೆ ನಿಲ್ಲೋಕೆ ಮುಂಚೆ."

"ಮೈಕ್ ಆರಿಸ್ರೋ," ಎಂದಳು ಮೆನ್ ದರ್ಸನ, ಕೂತಲ್ಲಿಂದಲೇ.

ಯಾರೋ ತಂತಿ ಕಿತ್ತರು. ಲಂದ್ರಿ ಮೈಕಿಲ್ಲದ ದನಿಯಲ್ಲಿ ಇನ್ನೊಂದು ಮಾತು ಹೇಳಿದಳು. ಅದು ಹತ್ತಿರ ಕೂತವರಿಗೆ ಮಾತ್ರ ಕೇಳಿಸಿತು. "ನಾಲ್ಕು ವರ್ಷದ ಹಿಂದೆ ಇದೇ ಪದ್ಯ ಹೇಳಿ ಅವಳನ್ನ ಇಲ್ಲಿಗೆ ವಾಪಸ್ ಕಳಿಸಿದ್ದು ನಾನು. ಅಕ್ಕಿ ಯಾಕೆ ಅಂತ ಅವಳು ಕೇಳಿದ್ದಳು."

ಸಂದತ್ ತಟ್ಟೆ ಹಿಡಿದು ನಿಂತೇ ಇದ್ದಳು. ಒಂದು ಲೋಟವೂ ಅಲುಗಲಿಲ್ಲ. ಲಂದ್ರಿ ಆ ಕೈಗಳನ್ನೇ ನೋಡಿದಳು. ಒಂಬತ್ತು ವರ್ಷದ ಕೈ ಅಷ್ಟು ಗಟ್ಟಿ ಇರಬಾರದು.

ಮರುದಿನ ಗದುಂಗಳನ್ನು ಸುಟ್ಟರು. ಲಂದ್ರಿಯನ್ನು ಸ್ಮಶಾನದ ಬೇಲಿಯ ಆಚೆಯೇ ನಿಲ್ಲಿಸಿದರು. ಮೇಲ್ಕೇರಿಯ ಹಿರಿಯರು ಸೇರಿ, ಉತ್ಸವ ಮೈಲಿಗೆಯಾಯಿತೆಂದು ತೀರ್ಮಾನಿಸಿ, ಶುದ್ಧಿ ಮಾಡಿ ಎಲ್ಲವನ್ನೂ ಮತ್ತೆ ಮೊದಲಿನಿಂದ ನಡೆಸಬೇಕೆಂದರು. ಮತ್ತೆ ಮೂರು ವಾರ ಗರಿ ಹೆಣೆದವಳು ಕಾದೆಕ್. ಅಡುಗೆಮನೆಯ ಮಾತು ಹೊರಗೆ ಹೋದದ್ದು ಯಾರಿಂದ ಎಂದು ಊಹಿಸಲು ಆ ಮನೆಗೆ ಕಷ್ಟವಾಗಲಿಲ್ಲ. ಕಾದೆಕಳ ಕೆನ್ನೆ ಎರಡು ವಾರ ಊದಿತ್ತಂತೆ. ಆಮೇಲೆ ಅವಳು ಸಂತೆಯಲ್ಲಿ ಲಂದ್ರಿಯನ್ನು ಕಂಡರೆ ದಾರಿ ಬದಲಿಸುತ್ತಿದ್ದಳು. ಸತ್ಯ ಹೇಳುವಾಗ ಲಂದ್ರಿ ಕಾದೆಕಳ ಬಗ್ಗೆ ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಅದೂ ಅವಳ ಎದೆಯ ಮೇಲೆ ಕೂತಿತು, ಇಳಿಯಲಿಲ್ಲ.

ಕೂಟದಿಂದ ಅವಳಿಗೆ ಕರೆ ಬರುವುದು ನಿಂತಿತು. ಒಮ್ಮೆ ಕೆತುತ್ ಪಲಾ ಕಾಲುವೆಯ ಹತ್ತಿರ ಸಿಕ್ಕಿ, "ನೀನು ಹೇಳಿದ ಅರ್ಥ ತಪ್ಪು ಅಂತ ನಾನು ಹೇಳಲ್ಲ, ಮೆನ್," ಎಂದ. "ಮನೆಗೆ ಹೋಗಿ ಪದ್ಯ ಪದ್ಯಾನೂ ನೋಡಿದೆ. ಸರಿಯಾಗೇ ಇದೆ. ಆದ್ರೆ ಸಾವಿನ ಮನೇಲಿ ಹೇಳಬಾರದಿತ್ತು."

"ಮತ್ತೆಲ್ಲಿ ಹೇಳಲಿ, ಕೆತುತ್? ಆ ಪದ್ಯ ಹಾಡೋದೇ ಸಾವಿನ ಮನೇಲಿ."

ಗಲುಂಗನ್ ಬಂತು. ಮಕ್ಕಳು ಬರಲಿಲ್ಲ. ಲಂದ್ರಿ ಕಡುಬು, ಹಣ್ಣು, ಇಬ್ಬರಿಗೂ ಹೊಸ ರವಿಕೆ ಬುಟ್ಟಿಯಲ್ಲಿಟ್ಟು ಕಳಿಸಿದಳು. ಬುಟ್ಟಿ ಕಟ್ಟಿದ ಗಂಟು ಬಿಚ್ಚದೆ ಹಿಂದಕ್ಕೆ ಬಂತು. ಮುಂದಿನ ಗಲುಂಗನ್‌ಗೂ ಹಾಗೆಯೇ ಆಯಿತು. ಪಾನ್ ಗದುಂಗ್ ಹಿಂದಕ್ಕೆ ಬಂದ ಕಡುಬನ್ನು ಹುಂಜಗಳಿಗೆ ಮುರಿದು ಹಾಕಿದ.

ಉಳಿದದ್ದು ರೇಡಿಯೋ ಒಂದೇ. ಅವಳು ಪ್ರತಿ ಮಂಗಳವಾರ ಫೋನಂಗಡಿಗೆ ಹೋದಳು. ಯಾರಾದರೂ ಅರ್ಣಿಕಾಗಮನ ಹಾಡಿದರೆ ಕಾದಿದ್ದು ಅರ್ಥ ಹೇಳುತ್ತಿದ್ದಳು. ಹಾಡದಿದ್ದರೆ ತಾನೇ ಹನ್ನೊಂದನೆಯ ಪದ್ಯವನ್ನು ಹಾಡಿ ತಾನೇ ಅರ್ಥ ಹೇಳುತ್ತಿದ್ದಳು. ಕೆಲವರು ಫೋನು ಮಾಡಿ ಬೈದರು. ಮಗಳನ್ನು ತಿಂದು ಕಾವ್ಯವನ್ನೂ ತಿನ್ನುತ್ತಾಳೆ ಎಂದರು. ಕೆಲವು ಹೆಂಗಸರು ಹೆಸರು ಹೇಳದೆ, ಬೇರೆ ಕಾವ್ಯಗಳಲ್ಲಿ ದಾಟಿಸಿಬಿಟ್ಟ ಅಡುಗೆಮನೆಯ ಪದ್ಯಗಳ ಅರ್ಥ ಕೇಳಿದರು. ಅವಳು ಯಾರಿಗೂ ಎದುರು ಹೇಳಲಿಲ್ಲ, ಪದ್ಯ ಕೊಡಿ ಎಂದಷ್ಟೇ ಹೇಳುತ್ತಿದ್ದಳು. ಯಾವ ಕಿವಿಗಾಗಿ ಅವಳು ಮಾತಾಡುತ್ತಿದ್ದಳೋ ಆ ಕಿವಿಗೆ ಅದು ಮುಟ್ಟುತ್ತಿದೆಯೇ ಎಂದು ಮಾತ್ರ ತಿಳಿಯುತ್ತಿರಲಿಲ್ಲ. ಹೀಗೆ ಎರಡೂವರೆ ವರ್ಷ ಕಳೆಯಿತು.

ಮೀನು ಮಾರುವ ಮೆನ್ ಕ್ರಿಂಗ್ ಎರಡೂ ಕೇರಿಗಳ ಮನೆಗಳಿಗೆ ಹೋಗುವವಳು. ಒಂದು ಬುಧವಾರ ಲಂದ್ರಿಯ ಜಗಲಿಯಲ್ಲಿ ಬುಟ್ಟಿ ಇಳಿಸಿ, ಕಾಲು ನೀಡಿ ಕೂತು ಹೇಳಿದಳು: "ನಿನ್ನೆ ನಿನ್ನ ಮಗಳ ಮನೇಲಿದ್ದೆ. ಅಡುಗೆಮನೆಯಲ್ಲಿ ರೇಡಿಯೋ ಹಾಕಿತ್ತು. ನಿನ್ನ ದನಿ ಬಂತು. ಮುದುಕಿ ಒಳಗಿಂದ, ಏ ಸಂದತ್, ಆ ಪೀಡೆನ ಆರಿಸು ಅಂತ ಕೂಗಿದಳು."

"ಆರಿಸಿದಳಾ?"

"ಕೈ ಒದ್ದೆ ಅಜ್ಜಿ, ಕರೆಂಟ್ ಹೊಡೆಯುತ್ತೆ ಅಂದಳು. ಮುದುಕಿಗೆ ಮೊಣಕಾಲು ನೋವು, ಏಳೋಕಾಗಲ್ಲ. ಮತ್ತೆ ಕೂಗಿದಳು. ಇವಳು ಮತ್ತೆ ಕೈ ಒದ್ದೆ ಅಂದಳು. ನೀನು ಮಾತು ಮುಗಿಸೋವರೆಗೂ ಅವಳ ಕೈ ಒಣಗಲೇ ಇಲ್ಲ." ಮೆನ್ ಕ್ರಿಂಗ್ ನಕ್ಕಳು. "ಗಟ್ಟಿಗಿತ್ತಿ ಆಗ್ತಾಳೆ."

ಲಂದ್ರಿ ನಗಲಿಲ್ಲ. ಮೀನಿನ ಕಿವಿರು ಎತ್ತಿ ಬಣ್ಣ ನೋಡುತ್ತಿದ್ದಳು, ಅಲ್ಲೇ ಕೈ ನಿಂತಿತು.

"ಅವಳ ಕೈ ಏನು ಮಾಡ್ತಿತ್ತು?" ಎಂದು ಕೇಳಿದಳು.

"ಏನು ಮಾಡುತ್ತೆ? ಹರವಿ ತುಂಬ ಕಪ್ಪಕ್ಕಿ. ನೆನೆಹಾಕೋಕೆ ತೊಳೀತಿದ್ದಳು. ಹನ್ನೊಂದು ವರ್ಷದ ಹುಡುಗಿ, ಹರವಿ ಅವಳ ಸೊಂಟದವರೆಗೆ ಬರುತ್ತೆ."

ಲಂದ್ರಿ ಎರಡು ಮೀನು ತೆಗೆದುಕೊಂಡಳು. ಮೆನ್ ಕ್ರಿಂಗ್ ಬುಟ್ಟಿ ತಲೆಗೇರಿಸಿ, "ಬರ್ತೀನಿ, ಮೆನ್ ಗದುಂಗ್," ಎಂದು ಹೊರಟಳು.

"ಓ," ಎಂದಳು ಲಂದ್ರಿ. ಮುಂದಿನ ಮಂಗಳವಾರಕ್ಕೆ ಇನ್ನೂ ಆರು ದಿನ ಇತ್ತು.